ಹಿಡಿದಿಟ್ಟ ಜಾಗ

ಕಡಲಲ್ಲಿ ಮುಳುಗಿದವರ ಹೆಜ್ಜೆಗುರುತುಗಳು ವರ್ಷಕ್ಕೊಮ್ಮೆ, ಅವರು ಹೋದ ದಿನ, ಸೈಪ್ರಸ್ ದ್ವೀಪದ ಲಿಮಸೋಲ್ ನಗರದ ಮರಳ ಮೇಲೆ ತಾವಾಗಿಯೇ ಮೂಡುತ್ತಿದ್ದವು. ಅದರಲ್ಲಿ ಯಾರಿಗೂ ಅಚ್ಚರಿ ಉಳಿದಿರಲಿಲ್ಲ. ಐದನೇ ವಯಸ್ಸಿಗೇ ಹೋದ ಸ್ಟೆಲಿಯೋ ಪ್ರತಿ ಆಗಸ್ಟಿನಲ್ಲೂ ತಾಯಿ ಡೆಸ್ಪಿನಾಳ ಕುರ್ಚಿಯವರೆಗೆ ನಡೆದುಬರುತ್ತಿದ್ದ.

ಈ ಸಲ ರಜೆಯ ಜನಜಂಗುಳಿ. ಅವನು ಬಂದು ನಿಲ್ಲುವ ಜಾಗವನ್ನು ಯಾರೂ ತುಳಿಯದಿರಲೆಂದು ಅವಳು ನಸುಕಿನಲ್ಲೇ ಬಂದು, ಜಾಗ ಹಿಡಿದಿಡುವ ಊರಿನ ರೂಢಿಯಂತೆ, ಕುರ್ಚಿಯ ಮುಂದೆ ಟವೆಲ್ ಹಾಸಿ ಕಾದಳು. ಸುತ್ತಲಿನ ಮರಳನ್ನು ಜನ ತುಳಿದು ಕಲಸಿಬಿಟ್ಟರು. ಸಂಜೆಯಾದರೂ ಗುರುತು ಕಾಣಲಿಲ್ಲ.

"ಈ ಸಲ ಬರ್ಲೇ ಇಲ್ಲ ಕಣಪ್ಪ," ಎಂದಳು, ಕುರ್ಚಿ ಬಾಡಿಗೆಗೆ ಕೊಡುವ ಕಿರಿಯಾಕೋಸನಿಗೆ.

"ಜನ ನೋಡಿ ಹೆದರಿರ್ಬೇಕಮ್ಮ. ಏಳಿ, ಹೊತ್ತಾಯ್ತು."

ಅವಳು ಟವೆಲ್ ಎತ್ತಿದಳು. ಅದರಡಿಯಲ್ಲಿ ಎರಡು ಪುಟ್ಟ ಪಾದಗಳ ಗುರುತು, ಬೆರಳುಗಳು ಅವಳ ಕಡೆಗೆ. ಬೆಳಗಿನಿಂದ ನಿಂತೇ ಇದ್ದವನಂತೆ ಹಿಮ್ಮಡಿಗಳು ಆಳವಾಗಿ ಹೂತಿದ್ದವು.