ಹಳದಿ ಕಪ್ಪೆಗೊಂದು ಕೋಳಿ

ಹಳ್ಳದ ದಂಡೆಯಲ್ಲಿ ಬೋರಲು ಮಲಗಿದ್ದವನ ಬೆನ್ನಿಗೆ ಒಲಿಂದಾ ಮಚ್ಚಿನ ತುದಿ ಒತ್ತಿದಳು. ಆತ ಬೆಚ್ಚಲಿಲ್ಲ. ಸದ್ದು ಮಾಡಬೇಡ ಎಂದು ಸನ್ನೆ ಮಾಡಿ, ಎಲೆಯ ಮೇಲೆ ಕೂತಿದ್ದ ಕಪ್ಪೆಯೊಂದನ್ನು ತೋರಿಸಿದ. ಅರಿಶಿನದ ಬಣ್ಣದ ಮೈ, ಶಾಯಿಯಲ್ಲಿ ಅದ್ದಿದಂಥ ಕಾಲು.

"ಎಷ್ಟು ನೋಡಿದ್ರೂ ಸಾಕಾಗಲ್ಲ, ಅಲ್ವಾ?" ಎಂದ.

ಒಲಿಂದಾಳಿಗೆ ಸಾಕಾಗಿತ್ತು. ಆತನ ಮಗ್ಗುಲಲ್ಲಿ ತೂತು ಕೊರೆದ ಡಬ್ಬಿಗಳಿದ್ದವು. ಒಳಗೆ ಒದ್ದೆ ಪಾಚಿಯ ಮೇಲೆ ಅದೇ ಜಾತಿಯ ಕಪ್ಪೆಗಳು. ಎಲೆಯ ಮೇಲಿದ್ದದ್ದನ್ನೂ ಆತ ಬರಿಗೈಯಲ್ಲೇ ಎತ್ತಿಕೊಂಡ. ನಮ್ಮಲ್ಲಿ ಹಾಗೆ ಯಾರೂ ಮುಟ್ಟುವುದಿಲ್ಲ. ಕಳ್ಳನ ಜೊತೆಗೆ ಪೆದ್ದನೂ ಹೌದು ಎಂದುಕೊಂಡಳು.

ಎರಡು ವರ್ಷದ ಹಿಂದೆ ಈ ಹಳ್ಳದ ಕಪ್ಪೆಗಳು ಕಾಣೆಯಾಗತೊಡಗಿದ್ದವು. ಈ ಕಾಡಿನ ನಮ್ಮ ಎಂಬೆರಾ ಜನಕ್ಕೆ ಹಳದಿ ಕಪ್ಪೆಯೆಂದರೆ ಊದುಗೊಳವೆಯ ಅಂಬಿಗೆ ವಿಷ, ವಿಷವಿದ್ದರೆ ಮನೆಗೆ ಮಾಂಸ. ಅದನ್ನು ಹೊರಗಿನವರಿಗೆ ಮಾರಿದವನು ಊರಲ್ಲಿ ಇರುವ ಹಾಗಿಲ್ಲ. ಗೂಬೆ ಕೂತದ್ದು ಒಲಿಂದಾಳ ಗಂಡ ಲಿಸಾಂದ್ರೊನ ಮೇಲೆ. ಅವನು ಹಳ್ಳದ ಬಳಿ ಸುಳಿದಾಡಿದ್ದನ್ನು ಕಾವಲು ಪಡೆಯ ನಾಯಕ ಅರ್ಸೇಸಿಯೊ ಕಣ್ಣಾರೆ ಕಂಡಿದ್ದನಂತೆ. ಅಷ್ಟೇ ಸಾಕಾಯಿತು. ಈಗ ಲಿಸಾಂದ್ರೊ ನದಿಯ ಕೆಳಗಿನ ಪೇಟೆಯಲ್ಲಿ ಮರದ ದಿಮ್ಮಿ ಹೊರುತ್ತಾನೆ. ಅವನು ಮನೆಗೆ ಬರಬೇಕಾದರೆ ನಿಜವಾದ ಕಳ್ಳ ಸಿಗಬೇಕಿತ್ತು. ಸಿಕ್ಕಿದ್ದ. ಒಲಿಂದಾ ಆತನನ್ನು ಮಚ್ಚಿನ ತುದಿಯಲ್ಲೇ ಊರಿಗೆ ನಡೆಸಿದಳು.

ದಾರಿಯುದ್ದಕ್ಕೂ ಆತ ನಿಂತು ನಿಂತು ನೋಡಿದ. ಮೈಯೊಳಗಿನ ಗುಂಡಿಗೆ ಕಾಣುವ ಗಾಜಿನಂಥ ಕಪ್ಪೆಯನ್ನು ಹೊಗಳಿದ. ಕೆಂಪು ಕಪ್ಪು ಪಟ್ಟೆಯ ಹಾವೊಂದಕ್ಕೆ ಗೌರವದಿಂದ ದಾರಿ ಬಿಟ್ಟ. ತಾನು ಮೆಡೆಲಿನ್ ಪಟ್ಟಣದ ಹಲ್ಲಿನ ಡಾಕ್ಟರು, ಹೆಸರು ಎರಾಸ್ಮೊ ಎಂದು ಪರಿಚಯ ಹೇಳಿಕೊಂಡ. ಸಿಕ್ಕಿಬಿದ್ದವನಿಗೆ ಇಷ್ಟು ಪುರುಸೊತ್ತು ಇರಬಾರದಿತ್ತು ಎಂದು ಒಲಿಂದಾಳಿಗೆ ಮೈಯೆಲ್ಲ ಉರಿಯಿತು.

ಅಂಗಳದಲ್ಲಿ ಊರೇ ಸೇರಿತು. ಊರಿನ ಹಿರಿಯಾಳು ಡೊರಾಲ್ಬಾ ಅಜ್ಜಿ ಬಂದು ಕೂತಳು. ಹಿಂದೆಯೇ ಅರ್ಸೇಸಿಯೊ ಬಂದ. ಅವನನ್ನು ನೋಡಿದ್ದೇ ಎರಾಸ್ಮೊನ ಮುಖ ಅರಳಿತು, ಕೈ ಚಾಚಿದ. ಅರ್ಸೇಸಿಯೊ ತನ್ನ ಎರಡೂ ಕೈಯನ್ನು ಕಾವಲು ಕೋಲಿನ ಮೇಲಿಂದ ತೆಗೆಯಲಿಲ್ಲ.

"ಯಾರಪ್ಪ ನೀನು? ನಮ್ಮ ಹಳ್ಳದಲ್ಲಿ ನಿಂಗೇನು ಕೆಲಸ?" ಎಂದಳು ಅಜ್ಜಿ.

"ಇವರನ್ನೇ ಕೇಳಿ. ಇವರಿಗೆ ಗೊತ್ತು," ಎಂದು ಎರಾಸ್ಮೊ ನಾಯಕನತ್ತ ಬೆರಳು ತೋರಿಸಿದ.

"ಗೊತ್ತಿಲ್ದೆ ಏನು? ಇಂಥವರನ್ನ ಎಷ್ಟು ಜನರನ್ನ ನೋಡಿಲ್ಲ ನಾನು," ಎಂದ ಅರ್ಸೇಸಿಯೊ.

ಡಬ್ಬಿ ಸಮೇತ ಸಿಕ್ಕವನಿಗೆ ವಿಚಾರಣೆ ಯಾಕೆ, ಈಗಲೇ ಪೇಟೆಗೆ ಒಯ್ದು ಪೊಲೀಸರಿಗೆ ಒಪ್ಪಿಸುತ್ತೇನೆ ಎಂದು ಅವಸರಪಡಿಸಿದ. ಅವನ ದೋಣಿಗೆ ಒಳ್ಳೆಯ ಮೋಟಾರಿತ್ತು, ಊರಲ್ಲಿ ಬೇರೆ ಯಾರಿಗೂ ಅಂಥದ್ದು ಇರಲಿಲ್ಲ. ಎರಾಸ್ಮೊ ಮಾತ್ರ, ಇವು ತನ್ನ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ, ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆಗಳು, ಗಾಜಿನೊಳಗೆ ನೋಡಿ ನೋಡಿ ಪಾಪ ಅನಿಸಿತು, ಹಿಡಿಯಲು ಅಲ್ಲ, ಬಿಡಲು ಬಂದೆ ಎಂದ. ಜನ ಬಿದ್ದು ಬಿದ್ದು ನಕ್ಕರು.

ಅಜ್ಜಿ ನಗಲಿಲ್ಲ. ಕೋಳಿ ತರಲು ಹೇಳಿದಳು.

ನಮ್ಮ ಕಾಡಿನ ಇರುವೆ ತಿಂದು ಬೆಳೆದ ಕಪ್ಪೆಗಷ್ಟೇ ವಿಷ. ಬೇರೆಲ್ಲೋ ಬೇರೇನೋ ತಿಂದು ಬೆಳೆದದ್ದಕ್ಕೆ ಬಣ್ಣವಿರುತ್ತದೆ, ವಿಷವಿರುವುದಿಲ್ಲ. ಅಂಬಿನ ತುದಿಯನ್ನು ಕಪ್ಪೆಯ ಬೆನ್ನಿಗೆ ಸವರಿ ಕೋಳಿಗೆ ಚುಚ್ಚಿದರೆ ತೀರ್ಪು ಬಂದಂತೆ. ಕೋಳಿ ಮಾತ್ರ ದೂರು ಕೊಟ್ಟವರದ್ದೇ ಆಗಬೇಕು.

"ಸುಮ್ನೆ ಯಾಕಕ್ಕ ಒಂದು ಕೋಳಿ ಹಾಳು ಮಾಡ್ಕೋತೀಯ?" ಎಂದ ಅರ್ಸೇಸಿಯೊ ಒಲಿಂದಾಳಿಗೆ. ಕಂಡವರ ಕೋಳಿಯ ಮೇಲೆ ಅವನಿಗೆ ಇಷ್ಟು ಕರುಣೆಯಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಒಲಿಂದಾ ಮೊಟ್ಟೆಯಿಡುವ ಕೋಳಿಯನ್ನೇ ತಂದಳು. ಅಜ್ಜಿ ಅದರ ತೊಡೆಗೆ ಚುಚ್ಚಿ ನೆಲಕ್ಕೆ ಬಿಟ್ಟಳು. ಊರಿಗೆ ಊರೇ ಕೋಳಿಯ ಸಾವಿಗಾಗಿ ಕಾದು ಕೂತಿತು. ಸಾಯಲಿ, ಬೇಗ ಸಾಯಲಿ ಎಂದು ಒಲಿಂದಾ ಮನಸಾರೆ ಬೇಡಿಕೊಂಡಳು. ಕೋಳಿ ಒಮ್ಮೆ ತೂರಾಡಿತು. ಅವಳು ಎದ್ದು ನಿಂತಳು. ಕೋಳಿ ಹಿಕ್ಕೆ ಹಾಕಿ, ಮಣ್ಣು ಕೆದಕಿ, ಹುಳುವೊಂದನ್ನು ಹುಡುಕಿ ತಿಂದಿತು. ಇನ್ನೊಂದು ಕಪ್ಪೆಗೆ ಸವರಿ ಮತ್ತೆ ಚುಚ್ಚಿದರು. ಕೋಳಿಗೆ ಸಿಟ್ಟು ಬಂತು, ಅಷ್ಟೆ.

ಒಲಿಂದಾ ಇದ್ದಲ್ಲೇ ಕುಸಿದು ಕೂತು ಅತ್ತಳು. ಗಂಡ ಬಂದ ದಿನ ಏನು ಅಡುಗೆ ಮಾಡಬೇಕೆಂಬುದನ್ನೂ ದಾರಿಯಲ್ಲೇ ಯೋಚಿಸಿಕೊಂಡಿದ್ದಳು. ಎಲ್ಲ ಮಣ್ಣುಪಾಲಾಯಿತು. ಕೋಳಿಯ ಮೇಲೂ ಅವಳಿಗೆ ದ್ವೇಷ ಹುಟ್ಟಿತು.

ಅಜ್ಜಿ ತೀರ್ಪು ಹೇಳಿದಳು. ಬಂದವನು ಕಳ್ಳನಲ್ಲ, ಮರ್ಯಾದಸ್ಥ. ಸುಳ್ಳು ದೂರು ತಂದವಳು ಎಲ್ಲರೆದುರು ಆತನಿಗೆ ಊಟ ಬಡಿಸಿ ತಪ್ಪೊಪ್ಪಿಕೊಳ್ಳಬೇಕು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಅರ್ಸೇಸಿಯೊ. ಡಾಕ್ಟರು ಬೇಗ ಉಂಡು ಮುಗಿಸಲಿ, ತಾನೇ ದೋಣಿಯಲ್ಲಿ ಬಿಟ್ಟು ಬರುತ್ತೇನೆ ಎಂದ.

ಒಲಿಂದಾ ಬೇಯಿಸಿದ ಬಾಳೆಕಾಯಿ, ಹೊಗೆಯಲ್ಲಿ ಒಣಗಿಸಿದ ಮೀನು ಬಡಿಸಿದಳು. ತಪ್ಪಾಯಿತು ಎಂದಳು. ಅಷ್ಟಕ್ಕೇ ಎದ್ದುಹೋಗುವುದು ಚೆನ್ನಾಗಿರುವುದಿಲ್ಲವೆಂದು, ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು:

"ಮರಿಗಳೇನೋ ನಿಮ್ಮ ಮನೇಲಿ ಹುಟ್ಟಿದ್ವು. ಅವುಗಳ ಅಪ್ಪ ಅಮ್ಮ ಎಲ್ಲಿಯವು?"

ಎರಾಸ್ಮೊ ಮೀನಿನ ಮುಳ್ಳೊಂದನ್ನು ತೆಗೆದು ತಟ್ಟೆಯ ಅಂಚಿಗಿಟ್ಟ. ಅವಳನ್ನೊಮ್ಮೆ, ಅರ್ಸೇಸಿಯೊನನ್ನೊಮ್ಮೆ ಆಶ್ಚರ್ಯದಿಂದ ನೋಡಿದ.

"ಈ ಹಳ್ಳದ್ದೇ ಅಲ್ವೇನಮ್ಮ? ಊರವರೆಲ್ಲ ಒಪ್ಪಿದ್ದಾರೆ ಅಂತ ಎರಡು ವರ್ಷದ ಹಿಂದೆ ಇವರೇ ತಂದು ಮಾರಿದ್ದು."