ಎರವಲು ಮಕ್ಕಳು

ಕೆಳಗಿನ ತಿರುವಿನಲ್ಲಿ ವ್ಯಾನು ಕಾಣಿಸಿದ ಕೂಡಲೇ, ಇತ್ತೋ ಎಂಬ ಹೆಂಗಸು ರಸ್ತೆಯ ನಡುವೆ ಹೋಗಿ ನಿಂತಳು. ಕೈಯಲ್ಲಿ ಪಾಲಕರ ಸಂಘದ ಅರ್ಜಿ. ಬೆನ್ನ ಹಿಂದಿದ್ದ ಊರ ಶಾಲೆಯಲ್ಲಿ ಐವತ್ತು ಮಕ್ಕಳು ಒತ್ತೊತ್ತಾಗಿ ಕೂತಿದ್ದರು.

ಅವರಲ್ಲಿ ಈ ಊರಿನವರು ಹದಿನೇಳೇ ಜನ. ಮಿಕ್ಕವರು ಬೆಳಿಗ್ಗೆ ಬೆಟ್ಟದ ಮೇಲಿನ ಅಫ್ರಾ ಹಳ್ಳಿಯಿಂದ ಕತ್ತೆದಾರಿ ಹಿಡಿದು ಇಳಿದು ಬಂದಿದ್ದರು. ಕರೆತಂದವಳು ಅಲ್ಲಿಗೆ ಮದುವೆಯಾಗಿ ಹೋಗಿದ್ದ ಇತ್ತೋಳ ತಂಗಿ ತೂದಾ.

"ನಮ್ಮ ಮೇಷ್ಟ್ರು ಯಾವುದೋ ಕಾಗದಕ್ಕೆ ಸಹಿ ಹಾಕಿಸೋಕೆ ಪೇಟೆಗೆ ಹೋಗಿದ್ದಾರೆ, ಇವತ್ತು ಪಾಠ ಇಲ್ಲ. ಅದಕ್ಕೇ ಇವರನ್ನ ಕರ್ಕೊಂಡು ಬಂದೆ. ನಾಳೆ ಇವರ ಅಮ್ಮಂದಿರಿಗೆ ನಾನು ಮುಖ ತೋರಿಸಬೇಕು, ಅಕ್ಕ."

"ಒಂದು ಗಂಟೆ ಸಾಕು. ಕಂಪನಿಯವನು ತಲೆ ಎಣಿಸ್ಕೊಂಡು ಹೋಗ್ತಾನೆ."

ದೂರದ ಕಾಸಾಬ್ಲಾಂಕಾ ನಗರದ ಕಂಪನಿಗಳು ತಾವು ಬಳಸಿದ ಕಂಪ್ಯೂಟರುಗಳನ್ನು ಶಾಲೆಗಳಿಗೆ ದಾನ ಕೊಡುತ್ತವೆ, ಪಾಲಕರ ಸಂಘವೇ ಕೇಳಬಹುದು ಎಂದು ಕಿವಿಗೆ ಬಿದ್ದ ವಾರವೇ, ಅಕ್ಷರ ಬಾರದ ಇತ್ತೋ ಸಂಘ ಕಟ್ಟಿದ್ದಳು. ಮೂರು ವರ್ಷದಲ್ಲಿ ಹನ್ನೊಂದು ಅರ್ಜಿ ಹೋಗಿದ್ದವು. ಉತ್ತರ ಬಂದದ್ದು ಒಂದಕ್ಕೆ: ಮೂವತ್ತು ಮಕ್ಕಳಿಲ್ಲದ ಶಾಲೆಗೆ ಕೊಡುವುದಿಲ್ಲ. ಇಲ್ಲಿ ಏನೂ ಕಲಿಸುವುದಿಲ್ಲವೆಂದು ಕಳೆದ ವರ್ಷ ಎಂಟು ಮನೆಯವರು ಗಂಡುಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಿದ್ದರು. ಇನ್ನು ಮೂವರು ಹೋದರೆ ಶಾಲೆಗೆ ಬೀಗ. ಹುಡುಗಿಯರನ್ನು ಯಾರೂ ಪೇಟೆಗೆ ಕಳಿಸುವುದಿಲ್ಲ. ಇತ್ತೋಳನ್ನೂ ಕಳಿಸಿರಲಿಲ್ಲ.

ಕಂಪನಿಯವನೊಬ್ಬ ಬೆಟ್ಟದ ಶಾಲೆಗೆ ದಾರಿ ಕೇಳುತ್ತಿದ್ದಾನೆಂದು ನಿನ್ನೆ ಸುದ್ದಿ ಬಂದಿತ್ತು.

ವ್ಯಾನು ನಿಂತಿತು. "ದಾರಿ ಬಿಡಮ್ಮ. ನಾನಿನ್ನೂ ಮೇಲಕ್ಕೆ ಹೋಗಬೇಕು."

"ಮೇಲೇನಿದೆ ಸಾಹೇಬ್ರೇ? ಕಲ್ಲು, ಗಾಳಿ. ಚಹಾ ಕುಡೀರಿ. ನಮ್ಮ ಮಕ್ಕಳನ್ನ ಒಂದು ಸಲ ನೋಡಿ."

ಅವನು ಗಡಿಯಾರ ನೋಡಿಕೊಂಡು ಇಳಿದ. ಪುದೀನ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತ. ಇಲ್ಲಿಯ ಮೇಷ್ಟ್ರು ನಾಚಿಕೆಯಿಂದ ಕರಿಹಲಗೆಯ ಕಡೆ ತಿರುಗಿಕೊಂಡರು.

"ತುಂಬಿದೆ. ಎಲ್ಲ ನಿಮ್ಮ ಮಕ್ಕಳೇನಾ?"

"ಎಲ್ಲ ನಮ್ಮವರೇ."

ಅವನು ಅರ್ಜಿಯನ್ನು ಜೇಬಿಗೆ ತುರುಕಿ, ವ್ಯಾನನ್ನು ಮೇಲಕ್ಕೆ ಓಡಿಸಿದ.

ಇತ್ತೋ ಶಾಲೆಯ ಮೆಟ್ಟಿಲ ಮೇಲೆ ಕೂತಳು. "ಅವನಿಗೆ ಗೊತ್ತಾಗಿಹೋಯ್ತು, ತೂದಾ."

"ವ್ಯಾನು ತಿರುಗಿಸೋಕೆ ಹೋಗಿರ್ತಾನೆ. ಇಲ್ಲೆಲ್ಲಿದೆ ಜಾಗ? ನಾನಿನ್ನು ಮಕ್ಕಳನ್ನ ಕರ್ಕೊಂಡು ಹೊರಡ್ತೀನಿ."

"ನಿನ್ನ ಕಾಲಿಗೆ ಬೀಳ್ತೀನಿ. ಇನ್ನೊಂಚೂರು ಇರು."

ಗಂಟೆ ಕಳೆಯಿತು. ಮಕ್ಕಳು ಹಸಿದು ಗಲಾಟೆ ಮಾಡಿದರು. ಇತ್ತೋ ಮನೆಯಲ್ಲಿದ್ದ ರೊಟ್ಟಿಯನ್ನೆಲ್ಲ ತಂದು ಮುರಿದು ಹಂಚಿದಳು. ಆಗ ವ್ಯಾನಿನ ಸದ್ದು ಕೇಳಿತು.

ಅವನ ಮುಖ ಸಿಡುಕಾಗಿತ್ತು. ಹಿಂದಿನ ಬಾಗಿಲು ತೆರೆದ. "ಹತ್ತು ಕಂಪ್ಯೂಟರ್ ಇವೆ. ಇಳಿಸಿಕೊಳ್ಳಿ. ಇಲ್ಲಾದರೂ ಮಕ್ಕಳಿದ್ದಾರಲ್ಲ." ಕಾಗದದಲ್ಲಿ ಒಂದು ಸಾಲು ಹೊಡೆದುಹಾಕಿ, ಇನ್ನೊಂದು ಬರೆದು ಚಾಚಿದ. ಹೆಬ್ಬೆಟ್ಟನ್ನು ಇತ್ತೋ ಅಲ್ಲಿ ಒತ್ತಿದಳು.

ವ್ಯಾನು ಮರೆಯಾದ ಮೇಲೆ ತಂಗಿಯನ್ನು ತಬ್ಬಿಕೊಂಡು ಅತ್ತಳು. "ಮುಂದಿನ ವರ್ಷ ನಿಮ್ಮ ಶಾಲೆಗೂ ಬರೆಸೋಣ ಕಣೇ. ನಾನೇ ಓಡಾಡ್ತೀನಿ."

ತೂದಾಳ ಮಗಳು ಇಜ್ಜಾ ಕಂಪ್ಯೂಟರ್ ಪೆಟ್ಟಿಗೆಯ ಮೇಲಿನ ಚೀಟಿಗೆ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದಳು.

"ದೊಡ್ಡಮ್ಮ, ಇದರ ಮೇಲೆ ಅಫ್ರಾ ಶಾಲೆ ಅಂತ ಬರೆದಿದೆ."