ಕೈಗಡದ ಮಾತು

ಗಂಡನ ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ಒಟಿಲಿ ಎರಡು ಕಪ್ ಕಾಫಿ ಮಾಡಿದಳು. ಎರಡನೆಯದನ್ನು ಏನು ಮಾಡುವುದೆಂದು ನೋಡುತ್ತ ನಿಂತಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು. ಔಷಧದಂಗಡಿಯ ವ್ಲಾಸಾಕ್. ಆ ಕಾಫಿ ಅವನಿಗೆ ಸಿಕ್ಕಿತು.

"ಕೇಳೋಕೆ ನಾಚಿಕೆ ಆಗುತ್ತೆ, ಡಾಕ್ಟರಮ್ಮ. ಹತ್ತು ಗಂಟೆಗೆ ಅನ್ಸೆಲ್ಮ್ ಆಟ ಮುಂದುವರಿಬೇಕು. ಯಾರೂ ಕೂರದಿದ್ರೆ ನಾವು ಸೋತ ಹಾಗೆ."

ಹಾರ್ಟ್‌ವಿಗ್ ಕಾಫಿಮನೆಯಲ್ಲಿ ಪ್ರತಿ ಫೆಬ್ರವರಿ ಚದುರಂಗದ ಪಂದ್ಯ. ಒಂದು ಕಡೆ ವಿಯೆನ್ನಾದ ಹವ್ಯಾಸಿಗಳು, ಇನ್ನೊಂದು ಕಡೆ ಚದುರಂಗದಿಂದಲೇ ಹೊಟ್ಟೆ ಹೊರೆಯುವವರು. ಹನ್ನೊಂದು ವರ್ಷದಲ್ಲಿ ಹವ್ಯಾಸಿಗಳು ಒಮ್ಮೆಯೂ ಗೆದ್ದಿರಲಿಲ್ಲ. ಈ ಸಲ ಆರು ಮೇಜುಗಳಲ್ಲಿ ಐದು ಮುಗಿದು ಸಮಸಮವಾಗಿತ್ತು. ಉಳಿದದ್ದು ಹಲ್ಲಿನ ಡಾಕ್ಟರ್ ಅನ್ಸೆಲ್ಮ್‌ಗೂ ಮಾಸ್ಟರ್ ಬ್ರೊಡೆಕ್‌ಗೂ ನಡೆದ ಆಟ. ಅದನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನ ನಡೆ ಬರೆದು ಲಕೋಟೆಗೆ ಹಾಕಿ ತೀರ್ಪುಗಾರನಿಗೆ ಕೊಟ್ಟು ಮನೆಗೆ ಬಂದ ಅನ್ಸೆಲ್ಮ್‌ಗೆ ಅಂದೇ ಜ್ವರ. ಎಂಟನೆಯ ದಿನ ನ್ಯುಮೋನಿಯಾ ಅವನನ್ನು ಒಯ್ದಿತು.

"ನಿಮ್ಮಲ್ಲೇ ಯಾರಾದ್ರೂ ಕೂತ್ಕೊಳ್ಳಿ," ಅಂದಳು ಒಟಿಲಿ.

"ನಾವು ಕೂತ್ರೆ ಬ್ರೊಡೆಕ್ ಊಟದ ಹೊತ್ತಿಗೆ ಮುಗಿಸಿ ಎದ್ದು ಹೋಗ್ತಾನೆ. ಅನ್ಸೆಲ್ಮ್ ಮನೇಲಿ ಯಾರ ಹತ್ರ ಸೋತು ಸೋತು ಆಟ ಕಲಿತ ಅಂತ ನಮಗೇನು ಗೊತ್ತಿಲ್ವಾ?"

"ನಾನು ನಿಮ್ಮ ಕ್ಲಬ್ಬಿನವಳಲ್ಲ."

"ಆಟ ಆಡಿ ದುಡ್ಡು ತಗೊಂಡಿದೀರಾ ಯಾವತ್ತಾದ್ರೂ?"

"ಇಲ್ಲ."

"ಹಾಗಾದ್ರೆ ಹವ್ಯಾಸಿ. ಇನ್ನೇನು ಬೇಕು?"

ಒಟಿಲಿ ಕೈಗವಸು ತರಲು ಒಳಗೆ ಹೋದಳು. ಕೋಣೆಯಲ್ಲಿ ಚದುರಂಗದ ಮಣೆ ಹಾಗೇ ಇತ್ತು, ಒಂದೊಂದು ಕಾಯಿಯೂ ತನ್ನ ಚೌಕದ ನಟ್ಟನಡುವೆ. ಹಲ್ಲಾಗಲಿ ಕಾಯಾಗಲಿ, ಸೊಟ್ಟಗಿದ್ದರೆ ಅನ್ಸೆಲ್ಮ್‌ನ ಬೆರಳು ಸುಮ್ಮನಿರುತ್ತಿರಲಿಲ್ಲ. ಅರ್ಧಕ್ಕೆ ನಿಂತ ಆ ಆಟದಲ್ಲೇ ಅವನು ತನ್ನ ಕುದುರೆಯನ್ನು ಮುಟ್ಟಿ ನೆಟ್ಟಗೆ ಮಾಡಿದ್ದ. ಮುಟ್ಟಿದ ಕಾಯನ್ನು ನಡೆಸಲೇಬೇಕೆಂಬುದು ಆಟದ ಕಟ್ಟಳೆ. ಬರೀ ನೆಟ್ಟಗೆ ಮಾಡುವುದಿದ್ದರೆ 'ಸರಿ ಮಾಡ್ತಿದೀನಿ' ಎಂದು ಮೊದಲೇ ಹೇಳಬೇಕು. ಅನ್ಸೆಲ್ಮ್ ಮರೆತಿದ್ದ. ಕುದುರೆ ಕದಲಿದ್ದರೆ ರಾಣಿಯೇ ಹೋಗುತ್ತಿತ್ತು. ತೀರ್ಪುಗಾರ ಕೇಳಿದಾಗ ಎದುರು ಕೂತಿದ್ದ ಬ್ರೊಡೆಕ್ ತಾನಾಗಿಯೇ ಅಂದಿದ್ದ: "ಹೇಳಿದ್ರು. ನನಗೆ ಕೇಳಿಸ್ತು."

"ನಾನು ಬಾಯೇ ಬಿಟ್ಟಿರ್ಲಿಲ್ಲ ಕಣೇ," ಎಂದು ಜ್ವರದಲ್ಲೂ ನಕ್ಕಿದ್ದ ಅನ್ಸೆಲ್ಮ್. "ಆ ಪುಣ್ಯಾತ್ಮ ನನಗೊಂದು ಮಾತು ಕೈಗಡ ಕೊಟ್ಟ. ತೀರಿಸದೆ ಅವನನ್ನ ಸೋಲಿಸೋದು ಹೇಗೆ?"

"ಮೊದಲು ಸೋಲಿಸು, ಆಮೇಲೆ ತೀರಿಸು," ಅಂದಿದ್ದಳು ಅವಳು.

ಕಾಫಿಮನೆಯಲ್ಲಿ ಅವಳನ್ನು ಕಂಡು ಬ್ರೊಡೆಕ್ ಎದ್ದು ನಿಂತ. ಕೋಟಿನ ತೋಳಿನ ಅಂಚು ಸವೆದಿತ್ತು. ಬಾಯಲ್ಲಿ ಸಕ್ಕರೆಯ ತುಂಡು.

"ಡಾಕ್ಟರು ಸಕ್ಕರೆ ಮುಟ್ಟಬೇಡ ಅಂತಿದ್ರು," ಅಂದ, ತಪ್ಪು ಮಾಡಿದವನ ಹಾಗೆ. "ಇನ್ನು ಹೇಳೋರಿಲ್ಲ ಅಂತ ಇವತ್ತೇ ಶುರು ಮಾಡಿದೆ. ಅಷ್ಟರಲ್ಲಿ ನೀವು ಬಂದ್ರಿ."

"ಬಾಯಿ ತೆಗೀರಿ ಅನ್ನಲ್ಲ. ಹೆದರಬೇಡಿ."

ಸುತ್ತ ನಿಂತವರು ನಕ್ಕರು. ಆ ಮಾತು ಆಡಿದ್ದು ತಾನೇ ಎಂದು ಒಟಿಲಿಗೆ ಆಮೇಲೆ ಗೊತ್ತಾಯಿತು.

ತೀರ್ಪುಗಾರ ನಿವೃತ್ತ ನ್ಯಾಯಾಧೀಶ ಟುಶ್ಲ್. ಲಕೋಟೆ ಒಡೆದು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದ. "ಇದು ನಡೆಯೋ ಔಷಧದ ಚೀಟಿಯೋ?"

"ಇಲ್ಲಿ ಕೊಡಿ," ಎಂದ ವ್ಲಾಸಾಕ್. "ಹತ್ತು ವರ್ಷದಿಂದ ಈ ಕೈಬರಹಾನೇ ಓದಿ ಬದುಕ್ತಿದೀನಿ. ಆನೆ, ನಡುಸಾಲಿಗೆ."

ಎರಡು ಗಂಟೆ ಆಡಿದರು. ಬ್ರೊಡೆಕ್‌ನ ಕಾಯಿಗಳು ಯಾವಾಗಲೂ ಅರ್ಧ ಈ ಮನೆ, ಅರ್ಧ ಪಕ್ಕದ ಮನೆ. ಏಳು ವರ್ಷದ ಪಂದ್ಯಗಳಲ್ಲಿ ಅನ್ಸೆಲ್ಮ್ ಕೈ ಚಾಚಿ, ಹೇಳಿಯೇ, ಅವನ್ನೂ ನೆಟ್ಟಗೆ ಮಾಡುತ್ತಿದ್ದ. ಇಂದು ಎದುರಿನಿಂದ ಯಾರ ಬೆರಳೂ ಬರಲಿಲ್ಲ. ನಲವತ್ತಮೂರನೆಯ ನಡೆಯಲ್ಲಿ ಬ್ರೊಡೆಕ್ ಬಹಳ ಹೊತ್ತು ಯೋಚಿಸಿದ. ಯೋಚಿಸುತ್ತಲೇ ತನ್ನ ರಾಣಿಯನ್ನು ಒಂದು ಬೆರಳಿನಿಂದ ಮನೆಯ ನಡುವಿಗೆ ತಳ್ಳಿದ. ಬೆರಳು ಅಲ್ಲೇ ನಿಂತಿತು.

"ರಾಣಿಯನ್ನ ಮುಟ್ಟಿದಿರಿ, ಮಾಸ್ಟರ್," ಎಂದ ಟುಶ್ಲ್.

ರಾಣಿ ಕದಲಿದರೆ ಹಿಂದಿನ ಆನೆ ಬಿಟ್ಟಿ, ಆಟ ಒಟಿಲಿಯದೇ. ಕದಲದಿದ್ದರೆ ಯಾರೂ ಗೆಲ್ಲಲಾರರು. ಮಣೆ ನೋಡಿದ ಎಲ್ಲರಿಗೂ ಅದು ಕಾಣುತ್ತಿತ್ತು. ವ್ಲಾಸಾಕ್ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಬ್ರೊಡೆಕ್ 'ಹೇಳಿದೆ' ಎನ್ನಲಿಲ್ಲ, 'ಇಲ್ಲ' ಎನ್ನಲೂ ಇಲ್ಲ. ಕಿವಿ ಮಾತ್ರ ಕೆಂಪಾಯಿತು. ನಾಳೆಯಿಂದ ಹಲ್ಲಿನ ಡಾಕ್ಟರ ಹೆಂಡತಿಗೆ ಸೋತ ಮಾಸ್ಟರ್‌ನ ಹತ್ತಿರ ಯಾರು ಪಾಠಕ್ಕೆ ಬಂದಾರು?

"ಮುಂಚೆ ಹೇಳಿದ್ರಾ? ನಿಮಗೆ ಕೇಳಿಸ್ತಾ, ಡಾಕ್ಟರಮ್ಮ?" ಎಂದು ಟುಶ್ಲ್ ಒಟಿಲಿಯತ್ತ ತಿರುಗಿದ.

ಒಟಿಲಿ ಮಣೆ ನೋಡಿದಳು. ಅನ್ಸೆಲ್ಮ್ ಏಳು ಚಳಿಗಾಲ ಕಾದಿದ್ದ ಗೆಲುವು ಅಲ್ಲಿ, ಕೈಗೆಟುಕುವಷ್ಟು ಹತ್ತಿರ, ನೆಟ್ಟಗೆ ನಿಂತಿತ್ತು.

"ಹೇಳಿದ್ರು," ಅಂದಳು. "ನನಗೆ ಕೇಳಿಸ್ತು."

ಹಿಂದೆ ವ್ಲಾಸಾಕ್‌ನ ಕುರ್ಚಿ ಕಿರುಗುಟ್ಟಿತು. ಬ್ರೊಡೆಕ್ ತಲೆಯೆತ್ತಿ ಅವಳನ್ನೇ ನೋಡಿದ. ತಾನು ಅನ್ಸೆಲ್ಮ್‌ಗೆ ಕೊಟ್ಟಿದ್ದ ಮಾತು ಅಕ್ಷರ ಬಿಡದೆ ಮರಳಿ ಬಂದಿತ್ತು.

"ಮುಟ್ಟಿತು, ಡಾಕ್ಟರಮ್ಮ," ಅಂದ ಮೆಲ್ಲಗೆ.

"ಏನು? ಮುಟ್ಟಿದೆ ಅಂತ ಒಪ್ಕೊಳ್ತಿದೀರಾ?" ಟುಶ್ಲ್ ಮುಂದೆ ಬಾಗಿದ.

"ಇಲ್ಲ ಸ್ವಾಮಿ, ಇದು ಬೇರೆ," ಎಂದ ಬ್ರೊಡೆಕ್, ಸಕ್ಕರೆಯ ತಟ್ಟೆಯನ್ನು ತನ್ನ ಕೈಗೆ ಎಟುಕದಷ್ಟು ದೂರ, ಅವಳ ಕಡೆಗೆ ಸರಿಸುತ್ತ.